ಎರರ್ ಇಲ್ಲ, ಆದರೂ ಉತ್ತರ ತಪ್ಪು: ಪೈಥಾನ್‌ನಲ್ಲಿ ಇಫ್ ಮತ್ತು ಬೂಲಿಯನ್ ಬಳಸುವ ಬಗೆ

ಪ್ರೋಗ್ರಾಮಿಂಗ್ ಈಗಷ್ಟೇ ಶುರು ಮಾಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಇಫ್ ಸರಿಯಾಗೇ ಬರೆದಿದ್ದೇನೆ, ಎರರ್ ಏನೂ ಬರುತ್ತಿಲ್ಲ. ಆದರೆ ಏನು ಕೊಟ್ಟರೂ ಒಂದೇ ಉತ್ತರ. ಯಾಕೆ?" ಇಂಥ ಕೋಡ್ ತೆರೆದು ನೋಡಿದರೆ ಇಫ್‌ನಲ್ಲಿ ('ಹೀಗಿದ್ದರೆ ಇದನ್ನು ಮಾಡು' ಎಂಬ ಆಜ್ಞೆಯಲ್ಲಿ) ತಪ್ಪು ಸಿಗುವುದು ಅಪರೂಪ. ಅದರ ಪಕ್ಕದಲ್ಲಿರುವ ಷರತ್ತಿನಲ್ಲಿ ಗಂಟಿರುತ್ತದೆ. ನೀವು ಅಂದುಕೊಂಡದ್ದು ಒಂದು, ಯಂತ್ರ ಲೆಕ್ಕ ಹಾಕಿದ್ದು ಇನ್ನೊಂದು. ಆದ್ದರಿಂದ ಇಲ್ಲಿ ಇಫ್‌ಗೆ ಸ್ವಲ್ಪ, ಷರತ್ತಿಗೆ ಜಾಸ್ತಿ ಹೊತ್ತು ಕೊಡೋಣ.

ಏನೇನು ಬೇಕು

ಕಂಪ್ಯೂಟರ್‌ನಲ್ಲಿ ಪೈಥಾನ್ 3 ಇದ್ದರೆ ಸಾಕು. ವಿಂಡೋಸ್‌ನಲ್ಲಿ ಅದನ್ನು ಹಾಕಿಕೊಂಡಾಗ ಐಡಲ್ ಎಂಬ ಸಣ್ಣ ಎಡಿಟರ್ ಜೊತೆಗೇ ಬರುತ್ತದೆ. ಮೊಬೈಲ್ ಮಾತ್ರ ಇದ್ದವರು ಬ್ರೌಸರ್‌ನಲ್ಲೇ ಪೈಥಾನ್ ಓಡಿಸುವ ಯಾವುದಾದರೂ ಪುಟ ಬಳಸಬಹುದು. ವೇರಿಯಬಲ್ ಅಂದರೆ ಒಂದು ಮೌಲ್ಯಕ್ಕೆ ನಾವು ಕೊಡುವ ಹೆಸರು, ಪ್ರಿಂಟ್ ಅಂದರೆ ಪರದೆಯ ಮೇಲೆ ತೋರಿಸುವ ಆಜ್ಞೆ. ಇಷ್ಟು ಗೊತ್ತಿದ್ದರೆ ಮುಂದಿನದಕ್ಕೆ ತೊಂದರೆಯಿಲ್ಲ.

ಇಲ್ಲಿನ ಕೋಡ್ ಓದುವ ಮೊದಲು ಒಂದು ಮಾತು. ಇಫ್, ಎಲ್ಸ್, ಪ್ರಿಂಟ್, ಟ್ರೂ, ಫಾಲ್ಸ್ ಮುಂತಾದ ಪೈಥಾನ್‌ನ ಸ್ವಂತ ಪದಗಳನ್ನು ಓದಲು ಸುಲಭವಾಗಲಿ ಎಂದು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು. ವೇರಿಯಬಲ್ ಹೆಸರುಗಳ ವಿಷಯ ಹಾಗಲ್ಲ, ಪೈಥಾನ್ 3 ಕನ್ನಡದ ಹೆಸರುಗಳನ್ನು ನಿಜವಾಗಿಯೂ ಒಪ್ಪುತ್ತದೆ. "ವಯಸ್ಸು = 18" ಎಂದು ಕನ್ನಡದಲ್ಲೇ ಬರೆದು ಓಡಿಸಿ ನೋಡಿ. ಕೆಲಸದ ಜಾಗದಲ್ಲಿ ಇಂಗ್ಲಿಷ್ ಹೆಸರುಗಳೇ ರೂಢಿ, ಆದರೆ ಕಲಿಯುವಾಗ ಕನ್ನಡದ ಹೆಸರು ಇಟ್ಟರೆ ಷರತ್ತು ತನ್ನಷ್ಟಕ್ಕೆ ಓದಿಸಿಕೊಂಡು ಹೋಗುತ್ತದೆ.

ಎರಡು ಎಚ್ಚರಿಕೆ. ಕೋಡ್‌ನಲ್ಲಿ ಅಂಕಿಯನ್ನು ೧೮ ಎಂದು ಕನ್ನಡದಲ್ಲಿ ಬರೆದರೆ ಪೈಥಾನ್ ಒಪ್ಪುವುದಿಲ್ಲ, 18 ಎಂದೇ ಬರೆಯಬೇಕು. ಇನ್ನೊಂದು, ವಾಟ್ಸಾಪ್‌ನಿಂದಲೋ ವರ್ಡ್ ಕಡತದಿಂದಲೋ ಕೋಡ್ ನಕಲು ಮಾಡಿದರೆ ನೆಟ್ಟಗಿನ ಉದ್ಧರಣ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿ ಬದಲಾಗಿರಬಹುದು. ಆಗ ಮೊದಲ ಸಾಲಿನಲ್ಲೇ ಎರರ್. ಕಲಿಯುವಷ್ಟು ದಿನ ಕೈಯಾರೆ ಟೈಪ್ ಮಾಡುವುದೇ ಒಳ್ಳೆಯದು.

1. ಇಫ್ ಬರೆಯುವ ಮೊದಲು ಷರತ್ತನ್ನು ಒಂಟಿಯಾಗಿ ಓಡಿಸಿ

ಐಡಲ್ ತೆರೆದ ಕೂಡಲೇ ಕಾಣುವ ಕಿಟಕಿಯಲ್ಲಿ ಇವನ್ನು ಒಂದೊಂದಾಗಿ ಹಾಕಿ:

    18 > 15
    18 == 15
    18 != 15

ಉತ್ತರವಾಗಿ ಟ್ರೂ, ಫಾಲ್ಸ್, ಟ್ರೂ ಬರುತ್ತವೆ. ಈ ಟ್ರೂ ಮತ್ತು ಫಾಲ್ಸ್ ಎಂಬ ಎರಡು ಮೌಲ್ಯಗಳಿಗೇ ಬೂಲಿಯನ್ ಎಂದು ಹೆಸರು. 'ನಿಜ' ಮತ್ತು 'ಸುಳ್ಳು'ಗಳನ್ನು ಬೀಜಗಣಿತದಂತೆ ಲೆಕ್ಕಕ್ಕೆ ಒಗ್ಗಿಸಿದ ಜಾರ್ಜ್ ಬೂಲ್ (1815–1864) ಎಂಬ ಇಂಗ್ಲಿಷ್ ಗಣಿತಜ್ಞನಿಂದ ಬಂದ ಹೆಸರು ಅದು. ಪೈಥಾನ್‌ನಲ್ಲಿ ಎರಡೂ ಪದಗಳ ಮೊದಲ ಅಕ್ಷರ ಇಂಗ್ಲಿಷಿನ ದೊಡ್ಡಕ್ಷರವೇ ಆಗಿರಬೇಕು. ಸಣ್ಣಕ್ಷರ ಹಾಕಿದರೆ ಅದು ಯಾವುದೋ ವೇರಿಯಬಲ್ ಎಂದುಕೊಂಡು, "ಈ ಹೆಸರಿನದು ಯಾವುದೂ ಇಲ್ಲ" ಎಂದು ದೂರುತ್ತದೆ.

ಹೋಲಿಕೆಯ ಚಿಹ್ನೆಗಳು ಆರು: > ಹೆಚ್ಚು, < ಕಡಿಮೆ, >= ಹೆಚ್ಚು ಅಥವಾ ಸಮ, <= ಕಡಿಮೆ ಅಥವಾ ಸಮ, == ಸಮ, != ಸಮವಲ್ಲ. >= ಅನ್ನು => ಎಂದು ತಿರುಗಿಸಿ ಬರೆಯುವ ಹಾಗಿಲ್ಲ. ಒಂದೇ = ಹಾಕಿದರೆ "ಈ ಹೆಸರಿಗೆ ಈ ಮೌಲ್ಯ ಇಡು" ಎಂಬ ಆಜ್ಞೆ, ಎರಡು == ಹಾಕಿದರೆ "ಇವೆರಡೂ ಸಮವೇ?" ಎಂಬ ಪ್ರಶ್ನೆ. ಇಫ್ ಪಕ್ಕದಲ್ಲಿ ಒಂದೇ = ಹಾಕಿದರೆ ಪೈಥಾನ್ ಓಡುವುದೇ ಇಲ್ಲ, ಅದು ನಮ್ಮ ಪುಣ್ಯ. ಸಿ ಭಾಷೆಯಲ್ಲಿ ಅದೇ ತಪ್ಪು ಸದ್ದಿಲ್ಲದೆ ಓಡುತ್ತದೆ. ಕಾಲೇಜಿನಲ್ಲಿ ಸಿ ಕಲಿಯುತ್ತಿರುವವರು ಇದನ್ನು ನೆನಪಿಟ್ಟುಕೊಳ್ಳಿ.

ಹೋಲಿಕೆಯ ಉತ್ತರವೂ ಒಂದು ಮೌಲ್ಯವೇ ಆದ್ದರಿಂದ ಅದಕ್ಕೆ ಹೆಸರಿಡಬಹುದು:

    ವಯಸ್ಸು = 20
    ಮತದಾನದ_ವಯಸ್ಸು = 18
    ಮತ_ಹಾಕಬಹುದು = ವಯಸ್ಸು >= ಮತದಾನದ_ವಯಸ್ಸು
    ಪ್ರಿಂಟ್(ಮತ_ಹಾಕಬಹುದು)

ಇದನ್ನು ಬಿಟ್ಟು ನೇರವಾಗಿ ಇಫ್‌ಗೆ ಹಾರುವವರೇ ಹೆಚ್ಚು. ಆದರೆ ಉತ್ತರ ತಪ್ಪಿದಾಗ ಷರತ್ತನ್ನು ಹೀಗೆ ಹೊರಗೆ ತೆಗೆದು ಪ್ರಿಂಟ್ ಮಾಡಿದರೆ, ಗಂಟು ಷರತ್ತಿನಲ್ಲಿದೆಯೋ ಮುಂದಿನ ಸಾಲುಗಳಲ್ಲಿದೆಯೋ ಎಂಬುದು ತಕ್ಷಣ ತಿಳಿಯುತ್ತದೆ. 18 ಎಂಬ ಅಂಕಿಗೂ ಹೆಸರಿಟ್ಟಿದ್ದಕ್ಕೆ ಕಾರಣ ಇದೆ. ನಮ್ಮ ದೇಶದಲ್ಲಿ ಮತದಾನದ ವಯಸ್ಸು 1989ರವರೆಗೆ 21 ಇತ್ತು, ಸಂವಿಧಾನದ 61ನೇ ತಿದ್ದುಪಡಿ ಅದನ್ನು 18ಕ್ಕೆ ಇಳಿಸಿತು. ನಿಯಮ ಬದಲಾದಾಗ ಕೋಡ್‌ನಲ್ಲಿ ಒಂದೇ ಕಡೆ ತಿದ್ದುವಂತಿರಬೇಕು.

2. ಇಫ್ ಮತ್ತು ಎಲ್ಸ್

    ಇಫ್ ಮತ_ಹಾಕಬಹುದು:
        ಪ್ರಿಂಟ್("ಪಟ್ಟಿಗೆ ಹೆಸರು ಸೇರಿಸಬಹುದು")
    ಎಲ್ಸ್:
        ಪ್ರಿಂಟ್("ಇನ್ನೂ ವಯಸ್ಸಾಗಿಲ್ಲ")

ಇಫ್ ಪಕ್ಕದ ಮೌಲ್ಯ ಟ್ರೂ ಆಗಿದ್ದರೆ ಮೊದಲ ಭಾಗ, ಫಾಲ್ಸ್ ಆಗಿದ್ದರೆ ಎಲ್ಸ್ ಕೆಳಗಿನ ಭಾಗ. ಸಾಲಿನ ಕೊನೆಯ : ಮರೆಯಬೇಡಿ. ಒಳಗಿನ ಸಾಲುಗಳನ್ನು ನಾಲ್ಕು ಸ್ಪೇಸ್ ಒಳಕ್ಕೆ ಸರಿಸಿ, ಯಾಕೆಂದರೆ ಯಾವ ಸಾಲು ಇಫ್‌ಗೆ ಸೇರಿದ್ದು ಎಂದು ಪೈಥಾನ್ ತಿಳಿಯುವುದು ಈ ಇಂಡೆಂಟ್‌ನಿಂದ ಮಾತ್ರ. ಒಂದೇ ಭಾಗದೊಳಗೆ ಒಂದು ಸಾಲಿಗೆ ಟ್ಯಾಬ್, ಇನ್ನೊಂದಕ್ಕೆ ಸ್ಪೇಸ್ ಹಾಕಿದರೆ ಕಣ್ಣಿಗೆ ಸಮವಾಗಿ ಕಂಡರೂ ಎರರ್ ಬರುತ್ತದೆ. ಎಲ್ಸ್ ಪಕ್ಕದಲ್ಲಿ ಷರತ್ತು ಬರೆಯುವಂತಿಲ್ಲ. ಉಳಿದದ್ದೆಲ್ಲ ಅದರ ಪಾಲಿಗೆ.

"ಇಫ್ ಮತ_ಹಾಕಬಹುದು == ಟ್ರೂ" ಎಂದು ಬರೆಯುವ ಅಭ್ಯಾಸ ಹಲವರಿಗಿದೆ. ತಪ್ಪೇನಲ್ಲ, ಆದರೆ ಬೇಕಿಲ್ಲ. ಅದು ಈಗಾಗಲೇ ಟ್ರೂ ಅಥವಾ ಫಾಲ್ಸ್.

3. ಬಳಕೆದಾರರಿಂದ ಬಂದದ್ದನ್ನು ಮೊದಲು ಸಂಖ್ಯೆ ಮಾಡಿ

ಇನ್‌ಪುಟ್ ಎಂಬ ಆಜ್ಞೆ ಕೀಬೋರ್ಡ್‌ನಲ್ಲಿ ಒತ್ತಿದ್ದನ್ನು ತಂದುಕೊಡುತ್ತದೆ. ಆದರೆ ಅದು ತರುವುದು ಯಾವಾಗಲೂ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ನೀವು 18 ಒತ್ತಿದರೆ ಸಿಗುವುದು "18". ಇದರಿಂದ ಮೂರು ಬಗೆಯ ಪರಿಣಾಮ, ಮೂರರಲ್ಲಿ ಎರಡು ಎರರ್ ಇಲ್ಲದೆ ಬರುತ್ತವೆ:

    "18" >= 18    → ಎರರ್
    "18" == 18    → ಫಾಲ್ಸ್
    "9" > "10"    → ಟ್ರೂ

ಮೊದಲನೆಯದು ಪರವಾಗಿಲ್ಲ, ಕೂಗಿ ಹೇಳುತ್ತದೆ. ಎರಡನೆಯದರಲ್ಲಿ ಅಕ್ಷರದ 18 ಬೇರೆ, ಸಂಖ್ಯೆಯ 18 ಬೇರೆ, ಹಾಗಾಗಿ ಏನು ಕೊಟ್ಟರೂ ಫಾಲ್ಸ್. ಮೂರನೆಯದರಲ್ಲಿ ನಿಘಂಟಿನ ಕ್ರಮದಂತೆ ಮೊದಲ ಅಕ್ಷರ ನೋಡಿ, 1ಕ್ಕಿಂತ 9 ಮುಂದಿನದು ಎಂದು ಅಲ್ಲಿಗೇ ತೀರ್ಮಾನ ಮಾಡಿಬಿಡುತ್ತದೆ. ಪರಿಹಾರ ಒಂದೇ, ತರುವಾಗಲೇ ಇಂಟ್ ಬಳಸಿ ಪೂರ್ಣಾಂಕ ಮಾಡಿಕೊಳ್ಳುವುದು:

    ವಯಸ್ಸು = ಇಂಟ್(ಇನ್‌ಪುಟ್("ನಿಮ್ಮ ವಯಸ್ಸು: "))

ಇಲ್ಲೊಂದು ಸೊಗಸಿದೆ. ಕೋಡ್‌ನಲ್ಲಿ ಕನ್ನಡ ಅಂಕಿ ಬರೆಯುವಂತಿಲ್ಲ ಎಂದೆನಲ್ಲ, ಆದರೆ ಓಡುತ್ತಿರುವ ಪ್ರೋಗ್ರಾಂಗೆ ಬಳಕೆದಾರರು ೧೮ ಎಂದು ಒತ್ತಿದರೆ ಇಂಟ್ ಅದನ್ನು 18 ಎಂದೇ ತೆಗೆದುಕೊಳ್ಳುತ್ತದೆ. "18 ವರ್ಷ" ಎಂದು ಒತ್ತಿದರೆ ಮಾತ್ರ ಎರರ್.

4. ಹಲವು ದಾರಿಗಳಿದ್ದರೆ ಎಲಿಫ್, ಕ್ರಮ ತಪ್ಪದಂತೆ

ಎಲಿಫ್ ಎಂದರೆ "ಅದು ಅಲ್ಲವಾದರೆ, ಇದು ಹೌದೇ?" ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ, ನಡುವೆ ಸ್ಪೇಸ್ ಇಲ್ಲ. ಸಂವಿಧಾನ ಹೇಳುವ ವಯಸ್ಸುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ: ಮತದಾನಕ್ಕೆ 18, ಪಂಚಾಯಿತಿಗೆ ಸ್ಪರ್ಧಿಸಲು 21, ವಿಧಾನಸಭೆ ಮತ್ತು ಲೋಕಸಭೆಗೆ 25, ವಿಧಾನ ಪರಿಷತ್ತು ಮತ್ತು ರಾಜ್ಯಸಭೆಗೆ 30, ರಾಷ್ಟ್ರಪತಿ ಹುದ್ದೆಗೆ 35. ಒಬ್ಬರು ತಮ್ಮ ವಯಸ್ಸಿಗೆ ಅತಿ ಮೇಲಿನ ಯಾವ ಮೆಟ್ಟಿಲು ಏರಬಹುದು ಎಂದು ಹೇಳಬೇಕು. ಹೊಸಬರು ಸಾಮಾನ್ಯವಾಗಿ ಬರೆಯುವುದು ಹೀಗೆ:

    ಇಫ್ ವಯಸ್ಸು >= 18:
        ಪ್ರಿಂಟ್("ಮತದಾನ")
    ಎಲಿಫ್ ವಯಸ್ಸು >= 21:
        ಪ್ರಿಂಟ್("ಪಂಚಾಯಿತಿ")
    ಎಲಿಫ್ ವಯಸ್ಸು >= 25:
        ಪ್ರಿಂಟ್("ವಿಧಾನಸಭೆ")

ವಯಸ್ಸು 40 ಕೊಡಿ, "ಮತದಾನ" ಎಂದೇ ಬರುತ್ತದೆ. 70 ಕೊಟ್ಟರೂ ಅದೇ. ಪೈಥಾನ್ ಮೇಲಿನಿಂದ ಕೆಳಗೆ ಬರುತ್ತಾ ಮೊದಲು ಟ್ರೂ ಆದ ಕಡೆ ಒಳಹೊಕ್ಕು, ಉಳಿದ ಎಲಿಫ್‌ಗಳ ಕಡೆ ತಿರುಗಿಯೂ ನೋಡುವುದಿಲ್ಲ. 21 ದಾಟಿದವರು 18 ದಾಟಿಯೇ ಇರುತ್ತಾರೆ, ಆದ್ದರಿಂದ ಎರಡನೆಯ ಸಾಲಿಗೆ ಸರದಿ ಬರುವುದೇ ಇಲ್ಲ. ಅತಿ ಬಿಗಿಯಾದ ಷರತ್ತು ಮೇಲಿರಬೇಕು:

    ಇಫ್ ವಯಸ್ಸು >= 35:
        ಪ್ರಿಂಟ್("ರಾಷ್ಟ್ರಪತಿ")
    ಎಲಿಫ್ ವಯಸ್ಸು >= 30:
        ಪ್ರಿಂಟ್("ರಾಜ್ಯಸಭೆ, ವಿಧಾನ ಪರಿಷತ್ತು")
    ಎಲಿಫ್ ವಯಸ್ಸು >= 25:
        ಪ್ರಿಂಟ್("ಲೋಕಸಭೆ, ವಿಧಾನಸಭೆ")
    ಎಲಿಫ್ ವಯಸ್ಸು >= 21:
        ಪ್ರಿಂಟ್("ಪಂಚಾಯಿತಿ")
    ಎಲಿಫ್ ವಯಸ್ಸು >= 18:
        ಪ್ರಿಂಟ್("ಮತದಾನ")
    ಎಲ್ಸ್:
        ಪ್ರಿಂಟ್("ಸದ್ಯಕ್ಕೆ ಯಾವುದೂ ಇಲ್ಲ")

ಎಲಿಫ್ ಇದ್ದ ಕಡೆಯೆಲ್ಲ ಬರೀ ಇಫ್ ಹಾಕಿದರೆ? 40 ವರ್ಷದವರಿಗೆ ಐದೂ ಸಾಲು ಪ್ರಿಂಟ್ ಆಗುತ್ತವೆ. ಅದು ಯಾವಾಗಲೂ ತಪ್ಪಲ್ಲ. "ನಾನು ಯಾವ್ಯಾವುದಕ್ಕೆ ನಿಲ್ಲಬಹುದು?" ಎಂಬುದು ಪ್ರಶ್ನೆಯಾದರೆ ಬಿಡಿ ಇಫ್‌ಗಳೇ ಸರಿ. "ಯಾವುದಾದರೂ ಒಂದೇ ಉತ್ತರ" ಬೇಕಾದಾಗ ಮಾತ್ರ ಎಲಿಫ್. ಬರೆಯಲು ಕೂರುವ ಮೊದಲು ಪ್ರಶ್ನೆ ಯಾವ ಬಗೆಯದು ಎಂದು ಕೇಳಿಕೊಳ್ಳಿ.

5. ಆಂಡ್, ಆರ್, ನಾಟ್

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಆಂಡ್ ಬಳಸಿದರೆ ಎರಡೂ ಕಡೆ ಟ್ರೂ ಇರಬೇಕು, ಆರ್ ಬಳಸಿದರೆ ಒಂದಾದರೂ ಟ್ರೂ ಇದ್ದರೆ ಸಾಕು, ನಾಟ್ ಇದ್ದದ್ದನ್ನು ತಲೆಕೆಳಗು ಮಾಡುತ್ತದೆ. ಇಷ್ಟೇ ನಿಯಮ. ಗೊಂದಲ ಆಗುವುದು ನಾವು ಆಡುವ ಮಾತನ್ನು ಇದಕ್ಕೆ ಇಳಿಸುವಾಗ.

ಕರ್ನಾಟಕದಲ್ಲಿ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಎಲ್ಲರಿಗೂ ಗೊತ್ತು. ರಾಜ್ಯದ ನಿವಾಸಿಗಳಾದ ಮಹಿಳೆಯರಿಗೆ ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್‌ಗಳಲ್ಲಿ ರಾಜ್ಯದೊಳಗೆ ಉಚಿತ ಪ್ರಯಾಣ, ಐರಾವತ, ರಾಜಹಂಸ, ವಜ್ರ ಮುಂತಾದವುಗಳಲ್ಲಿ ಇಲ್ಲ. ಮಾತಿನಲ್ಲಿ "ಮಹಿಳೆಯರಿಗೆ ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ" ಎನ್ನುತ್ತೇವೆ. ಅದನ್ನು ಹಾಗೇ ಆಂಡ್ ಎಂದು ಇಳಿಸಿದರೆ, ಒಬ್ಬರೇ ವ್ಯಕ್ತಿಗೆ ಎರಡೂ ಗುಣ ಇರಬೇಕು ಎಂದಾಗುತ್ತದೆ. ಇಲ್ಲಿ ಬೇಕಾದದ್ದು ಆರ್. ಮುಂದೆ ಬರೆಯುವುದು ಹೀಗೆ:

    ಉಚಿತ = ಮಹಿಳೆ ಆರ್ ಲಿಂಗತ್ವ_ಅಲ್ಪಸಂಖ್ಯಾತ ಆಂಡ್ ರಾಜ್ಯದ_ನಿವಾಸಿ ಆಂಡ್ ಸಾಮಾನ್ಯ_ಬಸ್

ಓದಲು ಸರಿಯಾಗೇ ಇದೆ, ಆದರೆ ಪೈಥಾನ್ ಆಂಡ್‌ಗಳನ್ನು ಮೊದಲು ಬಿಡಿಸಿ ಆಮೇಲೆ ಆರ್‌ಗೆ ಬರುತ್ತದೆ, ಕೂಡುವುದಕ್ಕಿಂತ ಮೊದಲು ಗುಣಿಸುವಂತೆ. ಹಾಗಾಗಿ 'ಮಹಿಳೆ' ಟ್ರೂ ಆದರೆ ಸಾಕು, ಇಡೀ ಸಾಲೇ ಟ್ರೂ. ಚೆನ್ನೈನಿಂದ ಬಂದವರು ಐರಾವತ ಹತ್ತಿದರೂ ನಿಮ್ಮ ಪ್ರೋಗ್ರಾಂ ಶೂನ್ಯ ಟಿಕೆಟ್ ಕೊಡುತ್ತದೆ. ಕಂಸ ಹಾಕಿ:

    ಉಚಿತ = (ಮಹಿಳೆ ಆರ್ ಲಿಂಗತ್ವ_ಅಲ್ಪಸಂಖ್ಯಾತ) ಆಂಡ್ ರಾಜ್ಯದ_ನಿವಾಸಿ ಆಂಡ್ ಸಾಮಾನ್ಯ_ಬಸ್

ಆಂಡ್ ಮತ್ತು ಆರ್ ಒಂದೇ ಸಾಲಿನಲ್ಲಿ ಬಂದರೆ ಕಂಸ ಹಾಕಿಯೇ ತೀರಿ, ನಿಯಮ ಬಾಯಿಪಾಠ ಬರುತ್ತಿದ್ದರೂ. ಮುಂದೆ ಆ ಕೋಡ್ ಓದುವವರಿಗೆ ಬಾಯಿಪಾಠ ಬರುತ್ತದೆ ಎಂದೇನೂ ಇಲ್ಲ.

ಟಿಕೆಟ್ ಯಾರಿಗೆ ಕೊಡಬೇಕು? "ನಾಟ್ ಉಚಿತ" ಎಂದು ಬರೆದರೆ ಮುಗಿಯಿತು. ಅದನ್ನು ಕೈಯಾರೆ ಬಿಡಿಸಲು ಹೋದವರು ನಾಟ್ ಒಳಕ್ಕೆ ತಳ್ಳಿ ಆಂಡ್ ಅನ್ನು ಹಾಗೇ ಬಿಡುತ್ತಾರೆ. ನಾಟ್ ಒಳಗೆ ಹೋದಾಗ ಆಂಡ್ ಇದ್ದದ್ದು ಆರ್ ಆಗಬೇಕು, ಆರ್ ಇದ್ದದ್ದು ಆಂಡ್. "ನಿವಾಸಿಯೂ ಹೌದು, ಸಾಮಾನ್ಯ ಬಸ್ಸೂ ಹೌದು" ಎಂಬುದು ಸುಳ್ಳಾಗಲು ಎರಡರಲ್ಲಿ ಒಂದು ತಪ್ಪಿದರೂ ಸಾಕಲ್ಲವೇ? ಈ ನಿಯಮಕ್ಕೆ ಡಿ ಮಾರ್ಗನ್ ನಿಯಮ ಎಂದು ಹೆಸರು. ಆ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್ 1806ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಮದುರೈಯಲ್ಲಿ.

ಇನ್ನು, ಆರಂಭದಲ್ಲಿ ಹೇಳಿದ "ಏನು ಕೊಟ್ಟರೂ ಒಂದೇ ಉತ್ತರ"ಕ್ಕೆ ತೀರಾ ಸಾಮಾನ್ಯ ಕಾರಣ ಈ ಸಾಲು:

    ಇಫ್ ಬಸ್ == "ಐರಾವತ" ಆರ್ "ರಾಜಹಂಸ":

ನಾವು ಓದುವುದು "ಬಸ್ ಐರಾವತ ಅಥವಾ ರಾಜಹಂಸ ಆಗಿದ್ದರೆ" ಎಂದು. ಪೈಥಾನ್ ಓದುವುದು ಎರಡು ಬಿಡಿ ತುಂಡುಗಳಾಗಿ: ಬಸ್ ಐರಾವತವೇ? ಇಲ್ಲವಾದರೆ, "ರಾಜಹಂಸ" ಎಂಬ ಸ್ಟ್ರಿಂಗ್ ಟ್ರೂ ಎನ್ನಿಸಿಕೊಳ್ಳುತ್ತದೆಯೇ? ಖಾಲಿಯಲ್ಲದ ಸ್ಟ್ರಿಂಗ್ ಯಾವಾಗಲೂ ಟ್ರೂ ಲೆಕ್ಕ. ಹಾಗಾಗಿ ಯಾವ ಬಸ್ ಕೊಟ್ಟರೂ ಒಳಗೆ ಹೋಗುತ್ತದೆ. ಸರಿಯಾದದ್ದು, 'ಈ ಪಟ್ಟಿಯಲ್ಲಿ ಇದೆಯೇ?' ಎಂದು ಕೇಳುವ ಇನ್:

    ಇಫ್ ಬಸ್ ಇನ್ ["ಐರಾವತ", "ರಾಜಹಂಸ"]:

ಇದೇ ಜಾತಿಯ ಇನ್ನೊಂದು: ಬಸ್ != "ಐರಾವತ" ಆರ್ ಬಸ್ != "ರಾಜಹಂಸ". ಯಾವ ಬಸ್ಸೂ ಏಕಕಾಲಕ್ಕೆ ಎರಡೂ ಆಗಿರಲು ಸಾಧ್ಯವಿಲ್ಲದ್ದರಿಂದ ಇದು ಸದಾ ಟ್ರೂ. ಇಲ್ಲಿ ಬೇಕಾದದ್ದು ಆಂಡ್, ಅಥವಾ ಇನ್ನೂ ಚೆಂದವಾಗಿ "ನಾಟ್ ಇನ್".

ಆಂಡ್‌ನ ಎಡಗಡೆ ಫಾಲ್ಸ್ ಆದರೆ ಬಲಗಡೆಯದನ್ನು ಪೈಥಾನ್ ಮುಟ್ಟುವುದೇ ಇಲ್ಲ. ಆದ್ದರಿಂದ "ಜನ != 0 ಆಂಡ್ ಒಟ್ಟು / ಜನ > 50" ಎಂದು ಬರೆದರೆ ಸೊನ್ನೆಯಿಂದ ಭಾಗಿಸುವ ಎರರ್ ತಪ್ಪುತ್ತದೆ. ಎಡಬಲ ಅದಲುಬದಲು ಮಾಡಿದರೆ ತಪ್ಪುವುದಿಲ್ಲ.

6. ಬೂಲಿಯನ್ ಅಲ್ಲದ್ದನ್ನೂ ಇಫ್ ಒಪ್ಪುತ್ತದೆ

ಇಫ್ ಪಕ್ಕದಲ್ಲಿ ಸಂಖ್ಯೆ, ಸ್ಟ್ರಿಂಗ್, ಪಟ್ಟಿ ಏನಿಟ್ಟರೂ ಪೈಥಾನ್ ಅದನ್ನು ಟ್ರೂ ಅಥವಾ ಫಾಲ್ಸ್ ಲೆಕ್ಕಕ್ಕೆ ತರುತ್ತದೆ. ಸೊನ್ನೆ, ಖಾಲಿ ಸ್ಟ್ರಿಂಗ್, ಖಾಲಿ ಪಟ್ಟಿ ಮತ್ತು "ಏನೂ ಇಲ್ಲ" ಎಂಬುದನ್ನು ಸೂಚಿಸುವ ನನ್ ಇವೆಲ್ಲ ಫಾಲ್ಸ್ ಲೆಕ್ಕ. ನೀವು ಸಾಮಾನ್ಯವಾಗಿ ಬಳಸುವ ಉಳಿದ ಮೌಲ್ಯಗಳು ಟ್ರೂ. ಉದ್ಧರಣ ಚಿಹ್ನೆಯೊಳಗಿನ "0" ಟ್ರೂ. ಒಂದೇ ಒಂದು ಸ್ಪೇಸ್ ಇರುವ " " ಟ್ರೂ. "ಇಲ್ಲ" ಎಂಬ ಉತ್ತರವೂ ಟ್ರೂ! ಬಳಕೆದಾರರ ಉತ್ತರವನ್ನು ಬೂಲ್ ಎಂಬ ಆಜ್ಞೆಗೆ ಹಾಕಿ ಬೂಲಿಯನ್ ಮಾಡಲು ಹೋಗುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಅದರ ಬದಲು ಉತ್ತರ == "ಹೌದು" ಎಂದು ಹೋಲಿಸಿ.

ಅಂಕಗಳ ವಿಷಯದಲ್ಲಿ ಇನ್ನೂ ಸೂಕ್ಷ್ಮ. "ಇಫ್ ಅಂಕ:" ಎಂದು ಬರೆದು, ಅಂಕ ನಮೂದಾಗಿದೆಯೇ ಎಂದು ನೋಡುತ್ತಿದ್ದೇವೆ ಎಂದುಕೊಳ್ಳುತ್ತೇವೆ. ನಿಜವಾಗಿಯೂ ಸೊನ್ನೆ ತೆಗೆದ ವಿದ್ಯಾರ್ಥಿ ಪರೀಕ್ಷೆಗೇ ಬಂದಿಲ್ಲ ಎಂದಾಗಿಬಿಡುತ್ತದೆ. "ಇಫ್ ಅಂಕ ಈಸ್ ನಾಟ್ ನನ್:" ಎಂದು ಬಿಡಿಸಿ ಬರೆಯಿರಿ.

ದಶಮಾಂಶಗಳಿಗೆ == ಬಳಸಬೇಡಿ. 0.1 + 0.2 == 0.3 ಎಂದು ಕೇಳಿದರೆ ಫಾಲ್ಸ್ ಬರುತ್ತದೆ, ಏಕೆಂದರೆ ಆ ಸಂಖ್ಯೆಗಳು ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಕರಾರುವಾಕ್ಕಾಗಿ ಕೂರುವುದಿಲ್ಲ. ಹಣದ ಲೆಕ್ಕವಾದರೆ ಪೈಸೆಯಲ್ಲಿ ಪೂರ್ಣಾಂಕವಾಗಿಯೇ ಇಟ್ಟುಕೊಳ್ಳುವುದು ಸುಲಭ.

7. ಕನ್ನಡ ಪದಗಳನ್ನು ಹೋಲಿಸುವಾಗ

ಇಂಗ್ಲಿಷ್ ಪಾಠಗಳಲ್ಲಿ ಸಿಗದ ತೊಡಕು ಇದು. ಊರು == "ಕೋಲಾರ" ಎಂದು ಬರೆದಿದ್ದೀರಿ, ಪರದೆಯ ಮೇಲೆ ಎರಡೂ ಕೋಲಾರವೇ, ಆದರೂ ಫಾಲ್ಸ್. ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಗೊತ್ತುಮಾಡುವ ಪದ್ಧತಿ) 'ಕೋ'ದ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಕೊಂಬು, ದೀರ್ಘ ಎಂದು ಮೂರು ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಭೇದವಿಲ್ಲ. ಸ್ಟ್ರಿಂಗ್‌ನ ಉದ್ದ ಹೇಳುವ ಲೆನ್ ಬಳಸಿ ನೋಡಿದರೆ ಒಂದರಲ್ಲಿ 5, ಇನ್ನೊಂದರಲ್ಲಿ 7. ಪೈಥಾನ್ ಹೋಲಿಸುವುದು ಸಂಕೇತಗಳನ್ನು. ಇದಕ್ಕೆ ಮದ್ದು ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲ್‌ನಲ್ಲಿದೆ (ಮಾಡ್ಯೂಲ್ ಎಂದರೆ ಪೈಥಾನ್ ಜೊತೆಗೇ ಬರುವ ಸಿದ್ಧ ಕೋಡ್‌ನ ಕಟ್ಟು). ಅದರ ನಾರ್ಮಲೈಸ್ ಆಜ್ಞೆಯನ್ನು "ಎನ್‌ಎಫ್‌ಸಿ" ಎಂಬ ಆಯ್ಕೆಯೊಂದಿಗೆ ಎರಡೂ ಕಡೆಗೆ ಹಾಕಿ, ಆಮೇಲೆ ಹೋಲಿಸಿ.

ಇನ್ನೊಂದು ಕಾಣದ ಶತ್ರು ಶೂನ್ಯ ಅಗಲದ ಅಕ್ಷರ. ಒತ್ತಕ್ಷರ ಆಗದಂತೆ ತಡೆಯಲು ಕನ್ನಡ ಕೀಲಿಮಣೆಗಳಲ್ಲಿ ಒತ್ತುತ್ತೇವಲ್ಲ, ಅದು. ಪದದ ಕೊನೆಯಲ್ಲಿ ಅದು ಉಳಿದಿದ್ದರೆ ಎರಡು 'ಬಸ್'ಗಳು ಒಂದೇ ಥರ ಕಂಡರೂ ಸಮವಲ್ಲ. ಆಚೀಚಿನ ಸ್ಪೇಸ್ ತೆಗೆಯುವ ಸ್ಟ್ರಿಪ್ ಇದನ್ನು ತೆಗೆಯುವುದಿಲ್ಲ. ಅದರ ಯೂನಿಕೋಡ್ ಸಂಖ್ಯೆ ದಶಮಾನದಲ್ಲಿ 8204. ಆ ಸಂಖ್ಯೆಯ ಅಕ್ಷರವನ್ನು ಸಿಎಚ್‌ಆರ್ ಕೊಡುತ್ತದೆ, ರಿಪ್ಲೇಸ್ ಅದರ ಜಾಗದಲ್ಲಿ ಖಾಲಿ ಸ್ಟ್ರಿಂಗ್ ಇಡುತ್ತದೆ:

    ಊರು = ಊರು.ರಿಪ್ಲೇಸ್(ಸಿಎಚ್‌ಆರ್(8204), "").ಸ್ಟ್ರಿಪ್()

ವೇರಿಯಬಲ್ ಹೆಸರಿನೊಳಗೆ ಅದೇ ಅಕ್ಷರ ನುಸುಳಿದರೆ ಪೈಥಾನ್ ಎರರ್ ಕೊಟ್ಟು ನಿಲ್ಲುತ್ತದೆ.

8. ಗಡಿಯಲ್ಲಿ ನಿಂತು ಪರೀಕ್ಷಿಸಿ

ಷರತ್ತಿನ ತಪ್ಪುಗಳು ಗಡಿಯಲ್ಲೇ ಇರುತ್ತವೆ. 18ರ ಷರತ್ತಿಗೆ 5, 50 ಕೊಟ್ಟು ನೋಡಿ ಪ್ರಯೋಜನವಿಲ್ಲ, > ಮತ್ತು >= ಎರಡೂ ಒಂದೇ ಉತ್ತರ ಕೊಡುತ್ತವೆ. 17, 18, 19 ಕೊಡಿ. ಆಂಡ್, ಆರ್ ಇದ್ದರೆ ಪ್ರತಿ ವೇರಿಯಬಲ್ ಅನ್ನೂ ಟ್ರೂ, ಫಾಲ್ಸ್ ಮಾಡಿ ಎಲ್ಲ ಜೋಡಣೆಗಳನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಎರಡು ವೇರಿಯಬಲ್‌ಗೆ 4 ಸಾಲು, ಮೂರಕ್ಕೆ 8, ಶಕ್ತಿ ಯೋಜನೆಯ ನಾಲ್ಕಕ್ಕೆ 16. ಪ್ರತಿ ಸಾಲಿಗೆ ಬರಬೇಕಾದ ಉತ್ತರವನ್ನು ಪ್ರೋಗ್ರಾಂ ಓಡಿಸುವ ಮೊದಲೇ ಬರೆದಿಡಿ. ಓಡಿಸಿದ ಮೇಲೆ ಬರೆಯಲು ಕೂತರೆ, ಪರದೆಯಲ್ಲಿ ಬಂದದ್ದೇ ಸರಿ ಎನ್ನಿಸತೊಡಗುತ್ತದೆ.

ಈಗ ನಿಮ್ಮ ಸರದಿ. 1582ರಲ್ಲಿ ಜಾರಿಗೆ ಬಂದ ಗ್ರೆಗೋರಿಯನ್ ಕ್ಯಾಲೆಂಡರ್ ಪ್ರಕಾರ 4ರಿಂದ ಭಾಗವಾಗುವ ವರ್ಷ ಅಧಿಕ ವರ್ಷ. ಆದರೆ 100ರಿಂದ ಭಾಗವಾದರೆ ಅಲ್ಲ, 400ರಿಂದಲೂ ಭಾಗವಾದರೆ ಮತ್ತೆ ಹೌದು. ಭಾಗಿಸಿದಾಗ ಉಳಿಯುವ ಶೇಷವನ್ನು % ಕೊಡುತ್ತದೆ, ಅಂದರೆ ವರ್ಷ % 4 == 0 ಎಂದರೆ 4ರಿಂದ ಪೂರ್ತಿ ಭಾಗವಾಯಿತು ಎಂದು. ಇಫ್ ಬಳಸದೆ, 'ಅಧಿಕ_ವರ್ಷ' ಎಂಬ ಹೆಸರಿಗೆ ಒಂದೇ ಸಾಲಿನ ಬೂಲಿಯನ್ ಆಗಿ ಬರೆಯಿರಿ. 2000 ಮತ್ತು 2024ಕ್ಕೆ ಟ್ರೂ ಬರಬೇಕು, 1900, 2023 ಮತ್ತು 2100ಕ್ಕೆ ಫಾಲ್ಸ್. 1900ಕ್ಕೆ ಟ್ರೂ ಬಂದರೆ 100ರ ಷರತ್ತನ್ನು ಇನ್ನೊಮ್ಮೆ ನೋಡಿ.